ಪೆಟ್ರೋಲ್ ಬಂಕಿನ ನೆರೆಯ ಬಾವಿಗಳು: ಅಂತರ್ಜಲದ ಮೇಲೆ ನಿಗಾ

ಹೆದ್ದಾರಿ ಬದಿಯ ಜಮೀನುಗಳಲ್ಲಿ ಪೆಟ್ರೋಲ್ ಬಂಕುಗಳು ಹೆಚ್ಚುತ್ತಿವೆ. ಬಂಕಿನಲ್ಲಿ ಕಣ್ಣಿಗೆ ಕಾಣುವುದು ಪಂಪುಗಳು ಮಾತ್ರ. ಎಣ್ಣೆ ತುಂಬಿದ ಟ್ಯಾಂಕುಗಳೂ ಅವುಗಳಿಂದ ಪಂಪಿಗೆ ಹೋಗುವ ಕೊಳವೆಗಳೂ ನೆಲದಡಿಯಲ್ಲಿರುತ್ತವೆ. ಇವು ತುಕ್ಕು ಹಿಡಿದು ಅಥವಾ ಜೋಡಣೆ ಸಡಿಲಗೊಂಡು ಸೋರತೊಡಗಿದರೆ ಸುತ್ತಲಿನ ಬಾವಿಗಳಿಗೆ ಅಪಾಯ ತಪ್ಪಿದ್ದಲ್ಲ. ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಹು ಕಷ್ಟದ ಹಾಗೂ ವೆಚ್ಚದ ಕೆಲಸ. ಆದ್ದರಿಂದ ಸೋರಿಕೆಯನ್ನು ಆರಂಭದಲ್ಲಿಯೇ ಪತ್ತೆ ಹಚ್ಚುವ ಕ್ರಮಗಳನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಹನಿ ಸೋರಿಕೆಯೂ ಅಪಾಯಕಾರಿ

ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್, ತಿಂಗಳಿಗೆ ಸುಮಾರು 130 ಲೀಟರ್ ಎಣ್ಣೆ ಮಣ್ಣು ಸೇರುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಅಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿರುವ ಬೆಂಜೀನ್ ಪೂರ್ತಿ ಕರಗಿದರೆ 8 ಲಕ್ಷ ಲೀಟರಿಗೂ ಮಿಕ್ಕಿದ ನೀರು ಈ ಮಿತಿಯನ್ನು ಮುಟ್ಟುತ್ತದೆ.

ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಬೆಂಜೀನನ್ನು ನಿಧಾನವಾಗಿ ಒಡೆಯುತ್ತವೆ. ಆದರೆ ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಸೂಕ್ಷ್ಮಜೀವಿಗಳು ಮೊದಲು ಎಥೆನಾಲನ್ನೇ ಬಳಸಿಕೊಳ್ಳುವುದರಿಂದ ಬೆಂಜೀನ್ ಹೆಚ್ಚು ಕಾಲ ಉಳಿದು ಹೆಚ್ಚು ದೂರ ಸಾಗಬಹುದು.

ಸಾಂತಾ ಮೋನಿಕಾದ ಅನುಭವ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂತಾ ಮೋನಿಕಾ ನಗರದಲ್ಲಿ 1996ರಲ್ಲಿ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕವು ಸೋರಿ ಬಾವಿಗಳನ್ನು ಸೇರಿತ್ತು. ಇದು ಮಣ್ಣಿಗೆ ಅಂಟದೆ ನೀರಿನೊಡನೆಯೇ ಸಾಗುವ ವಸ್ತು. ನಗರವು ತನ್ನ ನೀರಿನ ಪೂರೈಕೆಯಲ್ಲಿ ಸುಮಾರು ಅರ್ಧದಷ್ಟನ್ನು ಕಳೆದುಕೊಂಡಿತು. ಮುಖ್ಯ ಬಾವಿಗಳ ನೀರನ್ನು ಶುದ್ಧೀಕರಿಸಿ ಮತ್ತೆ ಬಳಕೆಗೆ ತರಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಲೆಕ್ಕವೊಂದೇ ಸಾಲದು

ಟ್ಯಾಂಕಿಗೆ ಅಳತೆ ಕೋಲು ಇಳಿಸಿ, ಉಳಿದ ಎಣ್ಣೆಯನ್ನು ಮಾರಾಟದ ಲೆಕ್ಕದೊಡನೆ ತಾಳೆ ನೋಡುವುದು ಸಾಮಾನ್ಯ ಪದ್ಧತಿ. ಇದು ಅಗತ್ಯವಾದರೂ ಸಣ್ಣ ಸೋರಿಕೆಯನ್ನು ತೋರಿಸಲಾರದು. ಅಮೆರಿಕದಲ್ಲಿ 1988ರಲ್ಲಿ ಬಂದ ನಿಯಮಗಳ ಪ್ರಕಾರ, ತಿಂಗಳ ವ್ಯತ್ಯಾಸವು ಮಾರಾಟದ ಶೇ. 1 ಮತ್ತು ಅದರ ಮೇಲೆ ಸುಮಾರು 490 ಲೀಟರನ್ನು ಮೀರಿದರೆ ಮಾತ್ರ ಸೋರಿಕೆಯ ಸಂಶಯ ಪಡಬೇಕು. ಮೇಲೆ ಹೇಳಿದ 130 ಲೀಟರ್ ಈ ಲೆಕ್ಕದೊಳಗೇ ಅಡಗಿಬಿಡುತ್ತದೆ. ಮೂಗನ್ನೂ ನಂಬುವಂತಿಲ್ಲ. ವಾಸನೆ ತಿಳಿಯುವ ವೇಳೆಗೆ ಬೆಂಜೀನ್ ಮಿತಿಯನ್ನು ಹಲವು ಪಟ್ಟು ಮೀರಿರುತ್ತದೆ.

ವೀಕ್ಷಣಾ ಬಾವಿಗಳು

ಬಂಕಿನ ಆವರಣದಲ್ಲಿ ಕೊರೆಯುವ ಕಿರಿದಾದ ಕೊಳವೆ ಬಾವಿಗಳಿಗೆ ವೀಕ್ಷಣಾ ಬಾವಿಗಳೆಂದು ಹೆಸರು. ಕನಿಷ್ಠ ಮೂರು ಬಾವಿಗಳನ್ನು ತ್ರಿಕೋನಾಕಾರದಲ್ಲಿ ಕೊರೆದು ನೀರಿನ ಮಟ್ಟವನ್ನು ಅಳೆದರೆ ಅಂತರ್ಜಲ ಹರಿಯುವ ದಿಕ್ಕು ತಿಳಿಯುತ್ತದೆ. ಒಂದು ಬಾವಿ ಟ್ಯಾಂಕಿನ ಮೇಲ್ದಿಕ್ಕಿನಲ್ಲಿಯೂ ಉಳಿದವು ಕೆಳದಿಕ್ಕಿನಲ್ಲಿಯೂ ಇರಬೇಕು. ಸಮೀಪದ ಕೊಳವೆ ಬಾವಿಯಿಂದ ಸತತವಾಗಿ ನೀರೆತ್ತಿದರೆ ಹರಿವು ಅತ್ತ ತಿರುಗಬಹುದು ಎಂಬುದನ್ನು ಮರೆಯಬಾರದು.

ಪೆಟ್ರೋಲ್ ನೀರಿಗಿಂತ ಹಗುರವಾದ್ದರಿಂದ ನೀರಿನ ಮೇಲೆ ತೇಲುತ್ತದೆ. ಆದಕಾರಣ ಬಾವಿಯ ಕೊಳವೆಯಲ್ಲಿನ ಸೀಳುಗಳು ಮಳೆಗಾಲದ ಮತ್ತು ಬೇಸಿಗೆಯ ಎರಡೂ ಜಲಮಟ್ಟಗಳನ್ನು ಒಳಗೊಂಡಿರಬೇಕು. ತೇಲುವ ಎಣ್ಣೆಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಮೂರು ಮಿಲಿಮೀಟರ್ ದಪ್ಪದ ಪದರವನ್ನಾದರೂ ಗುರುತಿಸುವಂತಿರಬೇಕೆಂಬುದು ಅಮೆರಿಕದ ನಿಯಮ. ಅದೇ ನಿಯಮದಂತೆ ಜಲಮಟ್ಟ 20 ಅಡಿಗಿಂತ ಆಳವಿರುವೆಡೆ ಈ ವಿಧಾನ ಸಾಲದು. ಕರ್ನಾಟಕದ ಬಯಲುಸೀಮೆಯಲ್ಲಿ ನೀರು ಆಳದ ಕಲ್ಲಿನ ಬಿರುಕುಗಳಲ್ಲಿ ಹರಿಯುವುದರಿಂದ ಎಣ್ಣೆ ಸಾಗುವ ದಾರಿ ಹಿಡಿಯುವುದು ಇನ್ನೂ ಕಠಿಣ. ಇಂತಹ ಕಡೆ ಜೋಡಿ ಗೋಡೆಯ ಟ್ಯಾಂಕು, ಗೋಡೆಗಳ ನಡುವಿನ ಸೋರಿಕೆ ಸೂಚಕ ಮತ್ತು ನೆರೆಯ ಬಾವಿಗಳ ನೀರಿನ ಪರೀಕ್ಷೆ ಉತ್ತಮ.

ಮಾದರಿ ತೆಗೆಯುವ ಕ್ರಮ

1. ಬಾವಿಯ ಕೊಳವೆಯಲ್ಲಿ ನಿಂತಿರುವ ನೀರಿನ ಮೂರು ಪಟ್ಟು ನೀರನ್ನು ಮೊದಲು ಹೊರತೆಗೆಯಬೇಕು.

2. ಪ್ರಯೋಗಾಲಯ ಕೊಡುವ 40 ಮಿಲಿಲೀಟರ್‌ನ ಗಾಜಿನ ಸೀಸೆಗಳನ್ನೇ ಬಳಸಬೇಕು. ಪ್ಲಾಸ್ಟಿಕ್ ಬಾಟಲಿ ಸಲ್ಲದು.

3. ಬೆಂಜೀನ್ ಬೇಗ ಆವಿಯಾಗುವುದರಿಂದ ಗಾಳಿಗುಳ್ಳೆ ಉಳಿಯದಂತೆ ಸೀಸೆಯನ್ನು ಅಂಚಿನವರೆಗೆ ತುಂಬಿ, ಮುಚ್ಚಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು.

4. ಮೇಲ್ತೊಟ್ಟಿಯ ನೀರನ್ನು ಮಾದರಿಯಾಗಿ ತೆಗೆಯಬಾರದು.

5. ಉಪ್ಪು, ಗಡಸುತನ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಬೆಂಜೀನ್ ತಿಳಿಯದು. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಉಪಕರಣವಿರುವ ಪ್ರಯೋಗಾಲಯಕ್ಕೇ ಕಳುಹಿಸಬೇಕು.

ರೈತರು ಗಮನಿಸಬೇಕಾದ ಅಂಶಗಳು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯಂತೆ ಹೊಸ ಬಂಕು ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕು. ಅನಿವಾರ್ಯವಾದಲ್ಲಿ ಹೆಚ್ಚಿನ ಸುರಕ್ಷಾ ಕ್ರಮಗಳೊಡನೆ 30 ಮೀಟರ್‌ವರೆಗೆ ಅವಕಾಶವಿದೆ. ಆದರೆ ನೆಲದೊಳಗಿನ ನೀರಿಗೆ ಈ ಗಡಿ ಗೊತ್ತಿಲ್ಲ. ಬಂಕಿಗೆ ಜಮೀನು ಗುತ್ತಿಗೆ ಕೊಡುವ ರೈತರು ಟ್ಯಾಂಕು ಹೂಳುವ ಮೊದಲೇ ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಕಾದಿಡಬೇಕು. ಮುಂದೆ ನೀರು ಕೆಟ್ಟರೆ ಮೊದಲಿನ ಸ್ಥಿತಿಗೆ ಅದೇ ಆಧಾರ. ಬಳಿಕ ಮುಂಗಾರಿಗೆ ಮುನ್ನ ಹಾಗೂ ಮಳೆ ನಿಂತ ಮೇಲೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ನೀರಿನಲ್ಲಿ ಎಣ್ಣೆಯ ವಾಸನೆ ಬಂದರೆ ಕೂಡಲೇ ಕುಡಿಯುವುದನ್ನೂ ಅಡುಗೆಗೆ ಬಳಸುವುದನ್ನೂ ನಿಲ್ಲಿಸಬೇಕು. ಕುದಿಸಿದರೆ ಸರಿಹೋಗುತ್ತದೆಂಬ ಭಾವನೆ ತಪ್ಪು. ವಿಷದ ಆವಿ ಮನೆಯೊಳಗೆ ತುಂಬುತ್ತದೆ. ಬಾವಿಯ ಬಳಿ ಬೀಡಿ, ದೀಪ ತರಬಾರದು. ಯಾವ ಕಾರಣಕ್ಕೂ ಬಾವಿಗೆ ಆಳನ್ನು ಇಳಿಸಬಾರದು. ಗ್ರಾಮ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಲಿಖಿತ ದೂರು ಕೊಡಬೇಕು.

ಟ್ಯಾಂಕು ನೆಲದಡಿಯಲ್ಲಿದೆ, ಸೋರಿಕೆಯೂ ನೆಲದಡಿಯಲ್ಲಿಯೇ ಆಗುತ್ತದೆ. ಕಣ್ಣಿಗೆ ಕಾಣದ ಈ ಅಪಾಯವನ್ನು ಕ್ರಮಬದ್ಧ ಅಳತೆ ಮತ್ತು ಪರೀಕ್ಷೆಯಿಂದ ಮಾತ್ರ ಸಕಾಲದಲ್ಲಿ ತಿಳಿಯಲು ಸಾಧ್ಯ.