ಮೊದಲು ಬಳ್ಳಿ, ಆಮೇಲೆ ಚಿಟ್ಟೆ

ಹೂವಿನ ಗಿಡ ನೆಟ್ಟರೆ ಚಿಟ್ಟೆ ಬರುತ್ತದೆ, ಮಕರಂದ ಕುಡಿದು ಹೋಗುತ್ತದೆ. ಅದು ಮೊಟ್ಟೆ ಇಡಬೇಕಾದರೆ ಮರಿಹುಳು ತಿನ್ನುವ ಎಲೆ ಅಲ್ಲಿರಬೇಕು. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಮತ್ತು ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಈ ಮೂರರ ಮರಿಹುಳುಗಳಿಗೂ ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ ಗಿಡಗಳೇ ಆಹಾರ. ಎಲೆಯಲ್ಲಿರುವ ಅರಿಸ್ಟೋಲೋಕಿಕ್ ಆಮ್ಲವನ್ನು ಹುಳು ಮೈಯಲ್ಲಿ ಸೇರಿಸಿಕೊಳ್ಳುತ್ತದೆ. ಆ ವಿಷವೇ ಹಕ್ಕಿಗಳಿಂದ ಅದಕ್ಕೆ ರಕ್ಷಣೆ.

ನಮ್ಮ ದಾದಿ ಈ ಬೇರನ್ನು ಹಾವಿನ ವಿಷಕ್ಕೆ ಮದ್ದು ಎನ್ನುತ್ತಾರೆ. ಹೀಗೆ ನಂಬಿ ಜನ ಬಳ್ಳಿಯನ್ನು ಬೇರುಸಹಿತ ಕೀಳುತ್ತಾರೆ. ಆದರೆ ಅದೇ ಆಮ್ಲ ಮನುಷ್ಯರ ಮೂತ್ರಪಿಂಡವನ್ನು ಹಾಳು ಮಾಡುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಈ ಬಳ್ಳಿಯ ಎಲೆ, ಬೇರು, ಕಷಾಯ ಯಾವುದನ್ನೂ ಬಾಯಿಗೆ ಹಾಕಬಾರದು; ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಕಾಡಿನ ಬಳ್ಳಿಯನ್ನು ಕೀಳದೆ ಬೀಜದಿಂದಲೇ ಬೆಳೆಸಬಹುದು. ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಆರು ಸೀಳಾಗಿ ಬಿರಿದು, ತೂಗುಬುಟ್ಟಿಯಂತೆ ನೇತಾಡುತ್ತದೆ. ಒಳಗೆ ತೆಳುವಾದ, ಚಪ್ಪಟೆ ಬೀಜಗಳು ಇರುತ್ತವೆ. ಗಾಳಿಗೆ ಹಾರುವ ಮುಂಚೆ ಕೆಲವನ್ನಷ್ಟೇ ತೆಗೆದುಕೊಳ್ಳಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು, ಮರಳು, ಗೊಬ್ಬರ ಬೆರೆಸಿದ ಚೀಲದಲ್ಲಿ ಇಟ್ಟು ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ನೆರಳಿರಲಿ, ತೇವ ಆರದಿರಲಿ, ನೀರು ನಿಲ್ಲದಿರಲಿ. ಮೊಳಕೆಗೆ ತಿಂಗಳಿಗೂ ಹೆಚ್ಚು ಹಿಡಿಯಬಹುದು. ಮಣ್ಣು ಕೆದಕಿ ನೋಡಬೇಡಿ. ನಾಲ್ಕೈದು ಎಲೆ ಬಂದ ಮೇಲೆ ಬೇಲಿಯ ಪಕ್ಕ ನೆಟ್ಟು, ಹಬ್ಬಲು ಕೋಲು ಕೊಡಿ.

ಇಲ್ಲಿ ನಮ್ಮ ಕಾಮರ್ಸ್ ಪಾಠ ಉಪಯೋಗಕ್ಕೆ ಬರುತ್ತದೆ: ಬೇಡಿಕೆ ಬರುವ ಮೊದಲೇ ಪೂರೈಕೆ ಸಿದ್ಧವಿರಬೇಕು. ದೊಡ್ಡ ಹುಳು ಎಳೆ ಸಸಿಯ ಎಲೆಯನ್ನೆಲ್ಲ ಬೇಗ ಮುಗಿಸಿ ಕಾಂಡವನ್ನೂ ಕಡಿಯುತ್ತದೆ. ಪಕ್ಕದಲ್ಲಿ ಬೇರೆ ಬಳ್ಳಿ ಇಲ್ಲದಿದ್ದರೆ ಉಪವಾಸ ಸಾಯುತ್ತದೆ. ಒಂದೇ ಸಸಿ ನೆಟ್ಟು ಚಿಟ್ಟೆಯನ್ನು ಕರೆದರೆ, ಅದರ ಮರಿಗಳನ್ನು ನಾವೇ ಕೊಂದಂತೆ. ಅದಕ್ಕೇ ಸಸಿಗಳು ಬಲಿಯುವ ತನಕ ಸೊಳ್ಳೆ ಪರದೆ ಮುಚ್ಚಿಡಬೇಕು. ಬೇರೂರಿದ ಬಳ್ಳಿಯನ್ನು ಹುಳು ಬೋಳು ಮಾಡಿದರೂ ಅದು ಮತ್ತೆ ಚಿಗುರುತ್ತದೆ. ಆದ್ದರಿಂದ ಹುಳು ಕಂಡರೆ ಔಷಧ ಹೊಡೆಯಬೇಡಿ. ಕಪ್ಪು ಮೈ, ಕೆಂಪು ಮುಳ್ಳಿನಂಥ ಗುಬುಟುಗಳು, ನಡುವೆ ಬಿಳಿ ಪಟ್ಟಿ ಇದ್ದರೆ ಅದು ರೋಸ್ ಚಿಟ್ಟೆಯ ಮರಿ.

ನನ್ನ ಬಳಿ ಈಗ ಹನ್ನೊಂದು ಸಸಿಗಳಿವೆ. ಕಾಲೇಜಿನ ಹಿಂದಿನ ಬೇಲಿಗೆ ಆರು ಸಾಕು. ಉಳಿದ ಐದೂ ಒಟ್ಟಿಗೇ ಒಂದು ಮನೆಗೆ ಹೋಗಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಾಗಲಿ, ಆಡು–ಮೇಕೆಗಳಾಗಲಿ ಇಲ್ಲದವರು, ಮಳೆ ಶುರುವಾಗುವ ಮುಂಚೆ ದ್ವಿತೀಯ ಪಿಯು ಕಾಮರ್ಸ್ ತರಗತಿಗೆ ಬಂದು ಕೇಳಿ.