ಜಪಾನಿನ ಶಾಲೆಗೆ ಕನ್ನಡ ಶಾಲೆಯ ಇಂಗ್ಲಿಷ್

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ ಲಕ್ಷ್ಮೀನರಸಿಂಹ ಸ್ವಾಮಿಯ ದೇವಾಲಯದಿಂದ ಹೆಸರಾದ ಊರು. ಸುತ್ತಿನ ಜನರ ಬಾಯಲ್ಲಿ ಅದು ಎಚ್.ಡಿ. ಪುರ. ಇಂಥ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಶಂಕರಘಟ್ಟದಲ್ಲೋ ದಾವಣಗೆರೆಯಲ್ಲೋ ಇಂಗ್ಲಿಷ್ ಎಂ.ಎ. ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬೇಕೆಂದು ಆಸೆಪಟ್ಟಳು ಎಂದಿಟ್ಟುಕೊಳ್ಳಿ. ಪದವಿ ಇದೆ, ಅಂಕಗಳಿವೆ, ಜಪಾನಿ ಭಾಷೆಯ ಮೊದಲ ಪಾಠಗಳೂ ಆಗಿವೆ. ಆದರೂ ವೀಸಾ ನಿಯಮದ ಒಂದು ಸಾಲಿನ ಮುಂದೆ ಅವಳು ನಿಲ್ಲಬೇಕಾಗುತ್ತದೆ. ಇಂಗ್ಲಿಷ್ ಎಷ್ಟು ಬರುತ್ತದೆ ಎಂಬ ಪ್ರಶ್ನೆ ಆ ಸಾಲಿನಲ್ಲಿಲ್ಲ. ಎಷ್ಟು ವರ್ಷ ಇಂಗ್ಲಿಷಿನಲ್ಲಿ ಓದಿದ್ದು ಎಂಬ ಪ್ರಶ್ನೆ ಮಾತ್ರ ಇದೆ.

ಜಪಾನಿಗೆ ಪರದೇಶದ ಇಂಗ್ಲಿಷ್ ಮೇಷ್ಟರ ಪರಿಚಯ ಹಳೆಯದು. 1848ರಲ್ಲಿ, ಪರದೇಶೀಯರಿಗೆ ಆ ದೇಶ ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ, ರಾನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಸಾಹಸಿ ಹಡಗು ಒಡೆದವನಂತೆ ನಟಿಸಿ ಉತ್ತರದ ದ್ವೀಪವೊಂದಕ್ಕೆ ಬಂದಿಳಿದ. ಹಿಡಿದು ನಾಗಸಾಕಿಗೆ ಸಾಗಿಸಿದರು. ಸೆರೆಯಲ್ಲಿದ್ದುಕೊಂಡೇ ಆತ ಸರ್ಕಾರದ ಹದಿನಾಲ್ಕು ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಮುಂದೆ 1890ರಲ್ಲಿ ಲಾಫ್ಕಾಡಿಯೊ ಹರ್ನ್ ಮಾತ್ಸುಯೆ ಪಟ್ಟಣದ ಶಾಲೆಗೆ ಬಂದ. ಜಪಾನಿ ಹೆಣ್ಣನ್ನು ಮದುವೆಯಾಗಿ ಅಲ್ಲಿಯವನೇ ಆದ. ಕೊನೆಗೆ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 1903ರಲ್ಲಿ ಅವನ ಜಾಗಕ್ಕೆ ಬಂದವರಲ್ಲಿ ಜಪಾನಿನವನೇ ಆದ ನಾತ್ಸುಮೆ ಸೊಸೆಕಿ ಒಬ್ಬ. ಹರ್ನ್‌ನನ್ನು ಕಳೆದುಕೊಂಡ ವಿದ್ಯಾರ್ಥಿಗಳಿಗೆ ಈ ಬದಲಾವಣೆ ಹಿಡಿಸಲಿಲ್ಲ. ಇಂಗ್ಲಿಷನ್ನು ಹುಟ್ಟಾ ಇಂಗ್ಲಿಷ್ ಆಡುವವನೇ ಕಲಿಸಬೇಕೇ, ಕಷ್ಟಪಟ್ಟು ಕಲಿತವನೂ ಕಲಿಸಬಹುದೇ ಎಂಬ ಜಗಳ ಅಲ್ಲಿ ಅಷ್ಟು ಹಳೆಯದು.

ಕನ್ನಡಕ್ಕೂ ಈ ಕಥೆಗೂ ಒಂದು ಎಳೆಯ ನಂಟಿದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತರುಣ ಕುವೆಂಪು ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದದ್ದು ಎಲ್ಲರಿಗೂ ಗೊತ್ತು. ಅದೇ ಕಸಿನ್ಸ್ 1919–20ರಲ್ಲಿ ಟೋಕಿಯೋದ ಕೇಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಾವ್ಯದ ಪ್ರಾಧ್ಯಾಪಕರಾಗಿದ್ದರು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಇಂದಿನ ವ್ಯವಸ್ಥೆ ಶುರುವಾದದ್ದು 1987ರಲ್ಲಿ. ಆ ವರ್ಷ ಜಪಾನ್ ಸರ್ಕಾರ ‘ಜೆಟ್’ ಎಂಬ ವಿನಿಮಯ ಯೋಜನೆಯಡಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಂದ 848 ಯುವಜನರನ್ನು ಕರೆಸಿಕೊಂಡಿತು. ಈಗ ಸುಮಾರು 50 ದೇಶಗಳ ಐದು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವರು ಅಮೆರಿಕದವರೇ. ಇವರು ಪೂರ್ಣ ಶಿಕ್ಷಕರಲ್ಲ, ಸಹಾಯಕರು. ಪಾಠದ ಹೊಣೆ ಜಪಾನಿ ಶಿಕ್ಷಕರದು. ಪಕ್ಕದಲ್ಲಿ ನಿಂತು ಓದಿ ತೋರಿಸುವುದು, ಮಕ್ಕಳನ್ನು ಮಾತಿಗೆಳೆಯುವುದು ಇವರ ಕೆಲಸ. ಈ ಯೋಜನೆಯ ಹೊರಗೂ ನಗರಸಭೆಗಳು ನೇರವಾಗಿ ಅಥವಾ ಖಾಸಗಿ ಕಂಪನಿಗಳ ಮೂಲಕ ಇಂಥ ಸಹಾಯಕರನ್ನು ದೊಡ್ಡ ಸಂಖ್ಯೆಯಲ್ಲಿ ಇಟ್ಟುಕೊಳ್ಳುತ್ತವೆ. 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಗಳಲ್ಲಿ ಇಂಗ್ಲಿಷ್ ಅಂಕ ಕೊಡುವ ವಿಷಯವೇ ಆಗಿರುವುದರಿಂದ ಬೇಡಿಕೆಗೆ ಕೊರತೆಯಿಲ್ಲ.

ತೊಡಕಿರುವುದು ವೀಸಾದಲ್ಲಿ. ಶಾಲೆಯಲ್ಲಿ ಸಹಾಯಕರಾಗಿ ವಿದೇಶಿ ಭಾಷೆ ಕಲಿಸುವವರು ಪದವಿಯ ಜೊತೆಗೆ ಆ ಭಾಷೆಯ ಮಾಧ್ಯಮದಲ್ಲಿ ಹನ್ನೆರಡು ವರ್ಷ ಓದಿರಬೇಕು ಎನ್ನುತ್ತದೆ ನಿಯಮ. ಎಚ್.ಡಿ. ಪುರದ ವಿದ್ಯಾರ್ಥಿನಿಯ ಲೆಕ್ಕ ಹೀಗೆ: ಪಿ.ಯು.ಸಿ. ಇಂಗ್ಲಿಷಿನಲ್ಲಿ ಆಗಿದ್ದರೆ ಎರಡು ವರ್ಷ, ಪದವಿ ಮೂರು, ಎಂ.ಎ. ಎರಡು, ಒಟ್ಟು ಏಳು. ಹೈಸ್ಕೂಲನ್ನೂ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ್ದರೂ ಹತ್ತಕ್ಕೆ ನಿಲ್ಲುತ್ತದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಒಂದನೆಯ ತರಗತಿಯಿಂದ ಓದಿದವರಿಗಾದರೋ ಪಿ.ಯು.ಸಿ. ಮುಗಿಯುವಾಗಲೇ ಹನ್ನೆರಡು ಭರ್ತಿ. ಅವರು ಮುಂದೆ ಷೇಕ್ಸ್‌ಪಿಯರನ ಒಂದು ಪುಟ ಓದದಿದ್ದರೂ ನಡೆಯುತ್ತದೆ. ಎಣಿಸಲು ಸುಲಭವಾದದ್ದನ್ನೇ ಎಣಿಸುವುದು ಎಲ್ಲ ದೇಶಗಳ ಕಚೇರಿಗಳ ಅಭ್ಯಾಸ.

ಕರ್ನಾಟಕದಲ್ಲಿ ಈ ವರ್ಷಗಳ ಹಿಂದೆ ಒಂದು ಚರಿತ್ರೆಯೇ ಇದೆ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಬಹುಕಾಲ ಎ ಬಿ ಸಿ ಡಿ ಕಾಣಿಸುತ್ತಿದ್ದುದು ಐದನೆಯ ತರಗತಿಯಲ್ಲಿ. ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂಬ ರಾಜ್ಯದ 1994ರ ಆದೇಶವನ್ನು ಸುಪ್ರೀಂ ಕೋರ್ಟು 2014ರಲ್ಲಿ ತಳ್ಳಿಹಾಕಿತು. ಮಗು ತನ್ನ ಮಾತಿನಲ್ಲಿ ಕಲಿಯಲಿ ಎಂಬ ಆ ನೀತಿ ತಪ್ಪಲ್ಲ. ಜಪಾನಿನ ಮಕ್ಕಳೂ ಗಣಿತ, ವಿಜ್ಞಾನವನ್ನು ತಮ್ಮ ಭಾಷೆಯಲ್ಲೇ ಕಲಿಯುತ್ತಾರೆ. ತಾನು ಮಾಡಿದ್ದನ್ನೇ ಮಾಡಿದವರನ್ನು ಜಪಾನ್ ಹೊಸ್ತಿಲಲ್ಲಿ ನಿಲ್ಲಿಸುತ್ತದೆ ಎಂಬುದು ವಿಚಿತ್ರ.

ಇದರಿಂದ ನಷ್ಟ ಜಪಾನಿನ ಮಕ್ಕಳಿಗೂ ಇದೆ. ‘ನಾನು ಶಾಲೆಗೆ ಹೋಗುತ್ತೇನೆ’ ಎಂಬುದು ಜಪಾನಿಯಲ್ಲಿ ‘ವತಾಶಿ ವ ಗಕ್ಕೋ ನಿ ಇಕಿಮಾಸು’. ‘ವತಾಶಿ’ ನಾನು, ‘ಗಕ್ಕೋ’ ಶಾಲೆ, ‘ನಿ’ ನಮ್ಮ ‘ಗೆ’, ಕ್ರಿಯಾಪದ ಕೊನೆಗೆ. ‘ನಿನ್ನೆ ಬಂದ ಮನುಷ್ಯ’ ಎಂಬುದು ‘ಕಿನೋ ಕಿತ ಹಿತೊ’. ಪದಕ್ಕೆ ಪದ ಹೊಂದುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬಂದು ನಿನ್ನೆ ಕೊನೆಗೆ ಹೋಗುತ್ತದೆ. ಈ ತಿರುವು ಅಮೆರಿಕದ ತರುಣನಿಗೆ ತಿರುವೆಂದೇ ಕಾಣುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವಳು ಅಲ್ಲೇ ಎಡವಿ ಎದ್ದವಳು. ‘ಎ’ ಯಾವಾಗ, ‘ದಿ’ ಯಾವಾಗ ಎಂಬ ತಲೆನೋವೂ ಎರಡೂ ಕಡೆ ಒಂದೇ, ಏಕೆಂದರೆ ಎರಡು ಭಾಷೆಗಳಲ್ಲೂ ಅವುಗಳಿಗೆ ಸಮನಾದುದಿಲ್ಲ.

ಉಚ್ಚಾರದಲ್ಲಿಯೂ ನಂಟಸ್ತನ ಕಾಣುತ್ತದೆ. ವ್ಯಂಜನಕ್ಕೆ ಪದವನ್ನು ನಿಲ್ಲಿಸಲು ಕನ್ನಡದ ನಾಲಿಗೆ ಒಪ್ಪದೆ ಬಸ್ಸು, ಗ್ಲಾಸು, ಇಸ್ಕೂಲು ಎಂದಿತು. ಜಪಾನಿನಲ್ಲಿ ಅವೇ ಬಸು, ಗುರಾಸು, ಸುಕೂರು. ಅವರಿಗೆ ‘ಲ’ ಮತ್ತು ‘ರ’ ಬೇರೆಯಾಗಿ ಕೇಳಿಸದಿರುವುದು ಹೆಚ್ಚಿನ ಕಷ್ಟ. ಕನ್ನಡಿಗರಿಗೆ ಆ ತೊಂದರೆ ಇಲ್ಲ. ಇಷ್ಟರಿಂದ ಎರಡೂ ಒಂದೇ ಬೇರಿನವು ಎನ್ನುವ ಅವಸರ ಬೇಡ. ಜಪಾನಿಗೂ ತಮಿಳಿಗೂ ರಕ್ತಸಂಬಂಧವಿದೆ ಎಂದು ಸುಸುಮು ಓನೊ ಎಂಬ ವಿದ್ವಾಂಸರು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ತರಗತಿಯ ಕೆಲಸಕ್ಕೆ ಬೇರಿನ ಚರ್ಚೆ ಬೇಕಾಗಿಯೂ ಇಲ್ಲ.

ಬೇರೆ ದಾರಿಗಳು ಇಲ್ಲದಿಲ್ಲ. ಊರಿನ ಕಡೆಯೇ ಶಿಕ್ಷಕಿಯಾಗಿ ಐದು ವರ್ಷ ಕೆಲಸ ಮಾಡಿದರೆ, 35 ವರ್ಷ ದಾಟುವ ಮುನ್ನ, ಜಪಾನ್ ಸರ್ಕಾರದ ಶಿಕ್ಷಕ ತರಬೇತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಅದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸುಮಾರು ಒಂದೂವರೆ ವರ್ಷದ ಓದು, ನೌಕರಿಯಲ್ಲ. ಇನ್ನೊಂದು ದಾರಿ ಜಪಾನಿ ಭಾಷೆಯದೇ. ಐದು ಹಂತಗಳ ಜಪಾನಿ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಮೇಲಿನ ಹಂತಗಳನ್ನು ದಾಟಿದ ಪದವೀಧರರಿಗೆ ಕಂಪನಿಗಳಲ್ಲಿ ಅನುವಾದ, ದುಭಾಷಿ ಕೆಲಸಗಳಿವೆ, ಮತ್ತು ಆ ವೀಸಾಕ್ಕೆ ಹನ್ನೆರಡು ವರ್ಷದ ಲೆಕ್ಕವಿಲ್ಲ.