ಶೂನ್ಯಗಣನೆಯೂ ಯೋಗ್ಯಾನುಪಲಬ್ಧಿಯೂ

ಬೆಳಕಿನಲ್ಲಿ ಘಟವು ಕಾಣದಿದ್ದರೆ ಅದಿಲ್ಲವೆನ್ನಬಹುದು; ಕತ್ತಲೆಯಲ್ಲಿ ಹಾಗೆನ್ನಲಾಗದು. ಇದೇ ಭಾಟ್ಟಮೀಮಾಂಸಕರ ಯೋಗ್ಯಾನುಪಲಬ್ಧಿ. ಭೂಮಿಯ ಕಾಂತಮಂಡಲದ ಶೋಧನೆಯಲ್ಲಿ ಇದಕ್ಕೊಂದು ನಿದರ್ಶನವುಂಟು.

1958ರಲ್ಲಿ ಅಮೆರಿಕೆಯ ‘ಎಕ್ಸ್‌ಪ್ಲೋರರ್ 1’ ಉಪಗ್ರಹದಲ್ಲಿ ಜೇಮ್ಸ್ ವ್ಯಾನ್ ಆಲನ್ನರು ವಿಶ್ವಕಿರಣಗಳನ್ನೆಣಿಸುವ ಗೈಗರ್ ಗಣಕವನ್ನಿರಿಸಿದ್ದರು. ಅದು ಕೆಳಗಣ ಎತ್ತರಗಳಲ್ಲಿ ಸರಿಯಾಗಿ ಎಣಿಸಿ, ಮೇಲಣ ಎತ್ತರಗಳಲ್ಲಿ ಶೂನ್ಯವನ್ನು ತೋರಿತು. ಅಲ್ಲಿ ಕಣಗಳೇ ಇಲ್ಲವೆ? ಅದೇ ವರ್ಷದ ಮಾರ್ಚಿಯಲ್ಲಿ ಹಾರಿದ ‘ಎಕ್ಸ್‌ಪ್ಲೋರರ್ 3’ರ ಲೆಕ್ಕದಲ್ಲಿ ಎಣಿಕೆಯು ಮೊದಲು ಬಹಳವಾಗಿ ಏರಿ, ಅನಂತರ ಶೂನ್ಯಕ್ಕಿಳಿದುದು ಕಂಡುಬಂದಿತು. ಕಾರ್ಲ್ ಮ್ಯಾಕಿಲ್ವೇನರು ಪ್ರಯೋಗಶಾಲೆಯಲ್ಲಿ ಅಂತಹ ಗಣಕದ ಮೇಲೆ ತೀವ್ರವಾದ ಎಕ್ಸ್ ಕಿರಣಗಳನ್ನು ಬೀಳಿಸಲು, ಅದು ಎಣಿಸಲಾರದೆ ಸೊನ್ನೆಗಿಳಿಯಿತು.

ಹೀಗೆ ಆ ಶೂನ್ಯವು ಕಣಗಳ ಆಧಿಕ್ಯಕ್ಕೇ ಲಿಂಗವಾಯಿತು. ಭೂಕಾಂತಕ್ಷೇತ್ರದಲ್ಲಿ ಸೆರೆಸಿಕ್ಕಿದ ಪ್ರೋಟಾನು, ಎಲೆಕ್ಟ್ರಾನುಗಳ ವಲಯಗಳಿಗೆ ವ್ಯಾನ್ ಆಲನ್ನರ ಹೆಸರಾಯಿತು. ಸಾಧನದ ಯೋಗ್ಯತೆಯನ್ನರಿಯದೆ ಅಭಾವವನ್ನು ನಿಶ್ಚಯಿಸಲಾಗದು.